ಹನ್ನೆರಡು ಸಾವಿರದ ಬಸ್ಸು, ಕೆರೆ ಏರಿಯ ವೀರಗಲ್ಲು

"ಪಾಠ ಬಿಟ್ಟು ಕಲ್ಲು ತೋರಿಸೋಕೆ ಹೋಗ್ತೀರಂತೆ ಮೇಷ್ಟ್ರೇ" ಅಂತ ನಕ್ಕವರೇ ಈಗ ನನ್ನ ಪ್ರಶ್ನೆ ಹಾಳೆ ಕೇಳುತ್ತಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ನಾನೂ ಬಸ್ಸು ಮಾಡಿಸಿದವನೇ. ಮದ್ದೂರು ಕಡೆಯಿಂದ ಶ್ರೀರಂಗಪಟ್ಟಣ. ದೇವಸ್ಥಾನ, ದರಿಯಾ ದೌಲತ್, ಗುಂಬಜ್, ಸಂಗಮ, ಎಲ್ಲಾ ಒಂದೇ ದಿನ. ಖರ್ಚು ಹನ್ನೆರಡು ಸಾವಿರದ ಹತ್ತಿರ, ಅದರಲ್ಲಿ ಎರಡೂವರೆ ನನ್ನ ಜೇಬಿನದು. ಮಾರನೇ ದಿನ ದರಿಯಾ ದೌಲತ್ ಗೋಡೆ ಮೇಲಿನ ಯುದ್ಧ ಯಾವುದು ಅಂದೆ. ಹೈದರ್, ಟಿಪ್ಪು ಸೇರಿ ಇಂಗ್ಲಿಷರನ್ನು ಸೋಲಿಸಿದ 1780ರ ಪೊಲ್ಲಿಲೂರು ಯುದ್ಧ ಅಂತ ಒಬ್ಬನೂ ಹೇಳಲಿಲ್ಲ. ಸಂಗಮದಲ್ಲಿ ಯಾರ ಚಪ್ಪಲಿ ತೇಲಿಹೋಯ್ತು ಅನ್ನೋದು ಮಾತ್ರ ಎಲ್ಲರಿಗೂ ಗೊತ್ತಿತ್ತು.

ನಮ್ಮ ಶಾಲೆಯಿಂದ ಹತ್ತು ನಿಮಿಷ ನಡೆದರೆ ಕೆರೆ ಏರಿ ಪಕ್ಕ ಒಂದು ವೀರಗಲ್ಲು, ಅಂದರೆ ಕಾದಾಡಿ ಸತ್ತ ವೀರನ ನೆನಪಿಗೆ ನೆಟ್ಟ ಕಲ್ಲು, ಇದೆ. ಎಂಟನೇ ತರಗತಿಯ ಇತಿಹಾಸದ 'ಆಧಾರಗಳು' ಪಾಠಕ್ಕೆ ಮಕ್ಕಳನ್ನು ಅಲ್ಲಿಗೇ ಹೊರಡಿಸಿದೆ. ಮೊದಲ ಸಲ ಪೂರ್ತಿ ಕೆಟ್ಟಿತು. ಊಟ ಆದಮೇಲೆ ಹೋಗಿದ್ದೆವು. ನೆತ್ತಿ ಬಿಸಿಲಿಗೆ ಕೆತ್ತನೆ ಏನೂ ಕಾಣಲಿಲ್ಲ. ನಾಲ್ಕು ಜನ ಕಬ್ಬಿನ ಗದ್ದೆಗೆ ನುಗ್ಗಿದರು, ಬೈಸಿಕೊಂಡವನು ನಾನು.

ಎರಡನೇ ಸಲ ಬೆಳಿಗ್ಗೆ ಏಳೂವರೆಗೆ ಹೋದೆವು. ಓರೆ ಬಿಸಿಲಿಗೆ ದನದ ಕೊಂಬು ಕೂಡ ಎದ್ದು ಕಾಣುತ್ತಿತ್ತು. ಮೋಡ ಇದ್ದರೆ ಟಾರ್ಚ್ ಪಕ್ಕದಿಂದ ಹಿಡಿಯಿರಿ, ಎದುರಿನಿಂದ ಬೇಡ. ಮೂರು ಪಟ್ಟಿಗೆ ಮೂರು ಗುಂಪು ಮಾಡಿದೆ. ಕೆಳಗೆ ಕಾದಾಟ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಲಿಂಗ. ಇದನ್ನೆಲ್ಲ ನಾನು ಹೇಳಲಿಲ್ಲ, ಕಂಡದ್ದನ್ನು ಬರೆಯಿರಿ ಅಂದೆ ಅಷ್ಟೇ. "ಯುದ್ಧದಲ್ಲಿ ದನ ಯಾಕೆ ಸಾರ್?" ಅಂತ ಅವರೇ ಕೇಳಿದರು. ತುರುಗೋಳು, ಅಂದರೆ ಊರಿನ ದನ ಹೊಡೆದುಕೊಂಡು ಹೋಗೋದು, ಅನ್ನೋ ಪದ ಆಗ ಕೊಟ್ಟೆ. ಒಬ್ಬ ಹುಡುಗ ಕಲ್ಲಿನ ಸವೆದ ಅಂಚು ಮುಟ್ಟಿ, "ನಮ್ಮಪ್ಪ ಮಚ್ಚು ಮಸೆಯೋದು ಇಲ್ಲೇ" ಅಂದ. ಇತಿಹಾಸ ಅಂಗೈಗೆ ಸಿಕ್ಕಂತಾಯಿತು ಅಲ್ವಾ?

ನಡುವೆ ಸುಮ್ನೆ ಒಂದು ಪ್ರಯೋಗ ಮಾಡಿದೆ. ಕಲ್ಲಿನ ಮೇಲೆ ಹಾಳೆ ಇಟ್ಟು ಕ್ರೆಯಾನ್ ಉಜ್ಜಿಸಿದೆ. ಕಲ್ಲು ತರಿತರಿ, ಇಪ್ಪತ್ತು ಹಾಳೆ ಹರಿದವು. ಬಿಟ್ಟುಬಿಟ್ಟೆ. ಗೆದ್ದದ್ದು ನಮ್ಮ ತಾಲ್ಲೂಕಿನದೇ ಆತಕೂರು ಶಾಸನದ ಕತೆ. ಹಂದಿ ಜೊತೆ ಕಾದಾಡಿ ಸತ್ತ ಕಾಳಿ ಅನ್ನೋ ನಾಯಿಗೆ ಹತ್ತನೇ ಶತಮಾನದಲ್ಲಿ ನೆಟ್ಟ ಕಲ್ಲು, ಈಗ ಬೆಂಗಳೂರಿನ ಮ್ಯೂಸಿಯಂನಲ್ಲಿದೆ. ಎರಡು ದಿನ ಮಕ್ಕಳ ಬಾಯಲ್ಲಿ ಕಾಳಿಯದೇ ಮಾತು.

ಒಟ್ಟು ಖರ್ಚು ಮುನ್ನೂರು ಚಿಲ್ಲರೆ, ಅದರಲ್ಲೂ ಕಡ್ಲೆಪುರಿದೇ ಜಾಸ್ತಿ. ಕಿರುಪರೀಕ್ಷೆಯಲ್ಲಿ ನಲವತ್ತರಲ್ಲಿ ಮೂವತ್ತು ಮಕ್ಕಳಾದರೂ ಗೈಡಿನ ಸಾಲು ಬಿಟ್ಟು ಸ್ವಂತ ಮಾತಲ್ಲಿ ಬರೆದಿದ್ದರು. ಹೊರಡುವ ಮುಂಚೆ ನಾನು ಕೇಳುವ ಒಂದು ಪ್ರಶ್ನೆ ಇದೆ, ಅದನ್ನು ಮಾತ್ರ ಇಲ್ಲಿ ಬರೆಯಲ್ಲ. ಊರಿಗೆ ಬನ್ನಿ, ಕಾಫಿ ಕುಡೀತಾ ಹೇಳ್ತೀನಿ.

ಈ ವರ್ಷ ಪಕ್ಕದೂರಿನ ಮಾಸ್ತಿಕಲ್ಲಿಗೆ, ಅಂದರೆ ಸತಿ ಹೋದ ಹೆಂಗಸಿನ ನೆನಪಿಗೆ ನೆಟ್ಟ ಕಲ್ಲಿಗೆ, ಹೋಗಬೇಕು. ಬಳೆ ತೊಟ್ಟ ಆ ಎತ್ತಿದ ಕೈ ನೋಡಿ ಹುಡುಗಿಯರು ಕೇಳೋದಕ್ಕೆ ಏನು ಹೇಳಬೇಕೋ, ನಾನೇ ಇನ್ನೂ ತಯಾರಾಗಿಲ್ಲ.