ಬಾರ್ಲಿಗೆ ಅಕ್ಕಿಯ ಲೆಕ್ಕ ಬೇಡ

ಬಾರ್ಲಿ ಮನೆಗೆ ತಂದ ಕೂಡಲೇ ಒಂದು ಹಿಡಿ ತೆಗೆದು ಮೂಸಿ ನೋಡಿ. ಅಂಗಡಿಯಲ್ಲಿ ಸಿಗುವುದು ಸಿಪ್ಪೆ ತೆಗೆದು ಪಾಲಿಶ್ ಮಾಡಿದ ಗುಂಡನೆಯ ಬಿಳಿ ಕಾಳು, ನಡುವೆ ಒಂದು ಕಂದು ಗೆರೆ. ಮುಗ್ಗಲು ವಾಸನೆ ಹತ್ತಿದ್ದರೆ ಎಷ್ಟು ತೊಳೆದರೂ ಹೋಗುವುದಿಲ್ಲ, ವಾಪಸ್ ಕೊಟ್ಟುಬಿಡಿ. ಕಡಿಮೆ ಖರ್ಚಾಗುವ ಮನೆಗೆ ಒಂದು ಸಲಕ್ಕೆ ಅರ್ಧ ಕೆಜಿ ಸಾಕು. ಮಳೆಗಾಲದಲ್ಲಿ ಹೆಚ್ಚು ತಂದಿಟ್ಟರೆ ಹುಳಕ್ಕೆ ಹಬ್ಬ.

ಹೆಚ್ಚಿನವರು ಎಡವುವುದು ನೀರಿನ ಅಳತೆಯಲ್ಲಿ. ಅಕ್ಕಿಗೆ ಇಡುವಂತೆ ಒಂದಕ್ಕೆರಡು ನೀರಿಟ್ಟರೆ ಬಾರ್ಲಿ ತಳ ಹಿಡಿಯುತ್ತದೆ, ಕಾಳಿನ ನಡು ಮಾತ್ರ ಗಟ್ಟಿಯಾಗೇ ಉಳಿಯುತ್ತದೆ. ಒಂದು ಲೋಟ ಬಾರ್ಲಿಗೆ ಮೂರು ಲೋಟ ನೀರು ಬೇಕು. ಬೆಂದ ಮೇಲೆ ಅದೂ ಮೂರು ಲೋಟದಷ್ಟಾಗುತ್ತದೆ, ಹಾಗಾಗಿ ಇಬ್ಬರಿಗೆ ಮುಕ್ಕಾಲು ಲೋಟ ಧಾರಾಳ. ನೀರು ತಿಳಿಯಾಗುವ ತನಕ ಮೂರು ನಾಲ್ಕು ಸಲ ತೊಳೆದು ನಾಲ್ಕು ಗಂಟೆ ನೆನೆಸಿ. ನೆನೆದದ್ದು ಕುಕ್ಕರಿನಲ್ಲಿ ನಾಲ್ಕು ಕೂಗಿಗೆ ಬೇಯುತ್ತದೆ, ನೆನೆಸದಿದ್ದರೆ ಏಳೆಂಟು ಬೇಕಾದೀತು. ಪಾತ್ರೆಯಲ್ಲಾದರೆ ಸಣ್ಣ ಉರಿಯಲ್ಲಿ ಅರ್ಧ ಗಂಟೆಯ ಮೇಲೆ. ಬೆಂದಿದೆಯೋ ಇಲ್ಲವೋ ಎಂದು ತಿಳಿಯಲು ಒಂದು ಕಾಳನ್ನು ಹೆಬ್ಬೆರಳು ತೋರುಬೆರಳ ನಡುವೆ ಒತ್ತಿ. ಮಧ್ಯೆ ಸುಣ್ಣದಂಥ ಬಿಳಿ ಚುಕ್ಕೆ ಕಂಡರೆ ಇನ್ನೂ ಬೇಯಬೇಕು. ಚೆನ್ನಾಗಿ ಬೆಂದರೂ ಅನ್ನದಷ್ಟು ಮೆತ್ತಗಾಗುವುದಿಲ್ಲ, ಹಲ್ಲಿಗೆ ಸ್ವಲ್ಪ ಸಿಗುತ್ತದೆ. ಅದರ ರುಚಿ ಇರುವುದೇ ಅಲ್ಲಿ.

ಗಂಜಿ ನೊರೆ ಉಕ್ಕುವುದು ಇದರ ದೊಡ್ಡ ಕಾಟ. ಕುಕ್ಕರನ್ನು ಅರ್ಧಕ್ಕಿಂತ ಹೆಚ್ಚು ತುಂಬಬೇಡಿ, ಅರ್ಧ ಚಮಚ ಎಣ್ಣೆ ಬಿಡಿ, ಮೊದಲ ಕೂಗು ಬಂದ ಮೇಲೆ ಉರಿ ತಗ್ಗಿಸಿ.

ಉಪ್ಪಿಟ್ಟು, ಪಲಾವಿಗೆ ಉದುರುದುರಾಗಿ ಬೇಕಿದ್ದರೆ ನೆನೆಸಲೇಬೇಡಿ. ತೊಳೆದು ಬಟ್ಟೆಯ ಮೇಲೆ ಹರಡಿ, ನೀರಾರಿದ ಮೇಲೆ ಬಾಣಲೆಯಲ್ಲಿ ಘಮ್ಮೆನ್ನುವವರೆಗೆ ಹುರಿದು, ಆರೇಳು ಲೋಟ ಕುದಿಯುವ ನೀರಿಗೆ ಸುರಿದು ಬೇಯಿಸಿ ಬಸಿಯಿರಿ. ಬಸಿದ ಗಂಜಿ ಚೆಲ್ಲಬೇಡಿ, ಸಾರಿಗೆ ಸೇರಿಸಿದರೆ ಸಾರು ಮಂದವಾಗುತ್ತದೆ.

ಬಿಸಿಬೇಳೆಬಾತಿಗೆ ಬಾರ್ಲಿ ಬಹಳ ಒಗ್ಗುತ್ತದೆ. ನೆನೆಸಿದ ಬಾರ್ಲಿ ಒಂದು ಲೋಟ, ತೊಗರಿಬೇಳೆ ಮುಕ್ಕಾಲು, ನೀರು ಐದು ಲೋಟ, ಚಿಟಿಕೆ ಅರಿಶಿನ, ಐದು ಕೂಗು. ಹುಣಸೆರಸ ಬೇರೆಯಾಗಿ ತರಕಾರಿ ಜೊತೆ ಕುದಿಸಿ ಕೊನೆಗೆ ಬೆರೆಸಿ. ಹುಳಿ ಮೊದಲೇ ಬಿದ್ದರೆ ಬೇಳೆಯೂ ಬೇಯದು, ಬಾರ್ಲಿಯೂ ಬೇಯದು. ಒಲೆಯಿಂದ ಇಳಿಸುವಾಗ ‘ಅಯ್ಯೋ, ತೆಳ್ಳಗಾಯಿತಲ್ಲ’ ಅನ್ನಿಸಬೇಕು, ಆಗ ಹದ ಸರಿ. ಬಾರ್ಲಿ ಬೆಂದ ಮೇಲೂ ನೀರು ಕುಡಿಯುತ್ತಲೇ ಇರುತ್ತದೆ, ಅರ್ಧ ಗಂಟೆಯಲ್ಲಿ ಬಾತು ಗಟ್ಟಿ ಮುದ್ದೆ. ಮೊಸರನ್ನಕ್ಕೂ ಇದೇ ಮಾತು: ಪೂರ್ತಿ ಆರಿದ ಬಾರ್ಲಿಗೆ ಮೊಸರಿನಷ್ಟೇ ಹಾಲನ್ನೂ ಬೆರೆಸಿ.

ಬಾರ್ಲಿ ನೀರಿಗೆ ಎರಡು ದೊಡ್ಡ ಚಮಚ ಕಾಳು, ಒಂದು ಲೀಟರ್ ನೀರು. ಮುಕ್ಕಾಲು ಭಾಗಕ್ಕೆ ಇಳಿಯುವ ತನಕ ಸಣ್ಣ ಉರಿ. ಸೋಸಿ, ಆರಿದ ಮೇಲೆ ನಿಂಬೆರಸ, ಉಪ್ಪು ಹಾಕಿ. ಮಜ್ಜಿಗೆ, ಇಂಗು ಬೆರೆಸಿದರೆ ಇನ್ನೂ ಚೆಂದ. ಬೇಸಿಗೆಯಲ್ಲಿ ಹೊರಗಿಟ್ಟರೆ ಬೇಗ ಹಳಸುತ್ತದೆ, ಬೆಳಗ್ಗೆ ಮಾಡಿದ್ದನ್ನು ಫ್ರಿಜ್‌ನಲ್ಲಿಡಿ. ಉರಿಮೂತ್ರಕ್ಕೆ ಇದನ್ನು ಕುಡಿಸುವ ರೂಢಿ ಇದೆ, ಆದರೆ ಜ್ವರವೋ ನೋವೋ ಜೊತೆಗಿದ್ದರೆ ಬಾರ್ಲಿ ನೀರು ನಂಬಿ ಕೂರಬೇಡಿ, ಡಾಕ್ಟರಿಗೆ ತೋರಿಸಿ. ಇನ್ನೊಂದು: ಗೋಧಿಯಂತೆ ಬಾರ್ಲಿಯಲ್ಲೂ ಗ್ಲುಟೆನ್ ಎಂಬ ಪ್ರೊಟೀನ್ ಇದೆ. ಗ್ಲುಟೆನ್ ಆಗದವರಿಗೆ ಇದರ ಗಂಜಿ ತಿಳಿಯೂ ಕೊಡಬಾರದು.

ಉಳಿದ ಬಾರ್ಲಿ ಫ್ರಿಜ್‌ನಲ್ಲಿ ಮೂರು ದಿನ ಇರುತ್ತದೆ, ಕಲ್ಲಿನಂತೆ ಹೆಪ್ಪುಗಟ್ಟಿರುತ್ತದೆ ಅಷ್ಟೆ. ಸೌಟಿನಿಂದ ಕುಟ್ಟಬೇಡಿ, ಕಾಳು ಒಡೆದು ಲೋಳೆಯಾಗುತ್ತದೆ. ಕಾಲು ಲೋಟ ಬಿಸಿನೀರು ಚಿಮುಕಿಸಿ ಮುಚ್ಚಿಟ್ಟರೆ ಐದು ನಿಮಿಷದಲ್ಲಿ ತಾನೇ ಬಿಡಿಸಿಕೊಳ್ಳುತ್ತದೆ. ಕುಕ್ಕರ್ ತೊಳೆಯುವಾಗ ವೆಯ್ಟ್ ಕೂರುವ ಕೊಳವೆಯನ್ನು ಬೆಳಕಿಗೆ ಹಿಡಿದು ನೋಡಿ. ಗಂಜಿ ಒಣಗಿ ಕಟ್ಟಿಕೊಂಡಿದ್ದರೆ ತೆಂಗಿನ ಕಡ್ಡಿಯಿಂದ ಆಗಲೇ ಬಿಡಿಸಿಡಿ.