ಮೈನಸ್ 15ರಲ್ಲಿ ಸ್ಕೀಯಿಂಗ್: ಮೈ ಒಣಗಿರಬೇಕು, ಅಷ್ಟೇ

ಅರೇಬಿಕಾ ಕಾಫಿ ಕುಯಿಲು ಮುಗಿದು, ಹಣ್ಣಿನ ಸಿಪ್ಪೆ ತೆಗೆಯುವ ಪಲ್ಪರ್ ತೊಳೆದಿಟ್ಟ ಮೇಲೆ ನಾನು ಸ್ಕೀಯಿಂಗ್‌ಗೆ ಕಾಶ್ಮೀರದ ಗುಲ್ಮಾರ್ಗ್‌ಗೆ ಹೊರಡುತ್ತೇನೆ, ರೊಬಸ್ಟಾ ತಮ್ಮ ನೋಡಿಕೊಳ್ಳುತ್ತಾನೆ. ಸೋಮವಾರಪೇಟೆ ಕಡೆ ಯಾರಿಗೆ ಹೇಳಿದರೂ ಮೊದಲು ಕೇಳುವುದು, ‘ಆ ಚಳೀಲಿ ಹೇಗೆ ಇರ್ತೀಯ ಮಾರಾಯ?’ ಒಣಗಿದ ಮೈಗೆ ಎಷ್ಟು ಚಳಿಯಾದರೂ ಒಂದು ದಾರಿ ಇದೆ. ಬೆವರಿ ಒದ್ದೆಯಾದರೆ ಯಾವ ಜಾಕೆಟ್ಟೂ ಕಾಪಾಡಲ್ಲ.

ಅದಕ್ಕೇ ಹತ್ತಿ ಬನಿಯನ್ ಮನೆಯಲ್ಲೇ ಬಿಟ್ಟು ಹೋಗುತ್ತೇನೆ. ಜುಲೈನಲ್ಲಿ ಹಗ್ಗದ ಮೇಲೆ ವಾರಗಟ್ಟಲೆ ಒಣಗದ ಬಟ್ಟೆ ನೋಡಿದ ನಮಗೆ ಇದಕ್ಕೆ ಕಾರಣ ಹೇಳಬೇಕಾಗಿಲ್ಲ. ಮೈಗೆ ಉಣ್ಣೆ ಥರ್ಮಲ್, ಮೇಲೆ ಫ್ಲೀಸ್, ಅದರ ಮೇಲೆ ಗಾಳಿ ತಡೆಯುವ ಜಾಕೆಟ್. ಸ್ಕೀ ಹೊತ್ತು ಹತ್ತುವಾಗ ಜಿಪ್ ಇಳಿಸಿಬಿಡುತ್ತೇನೆ. ಹೊರಡುವಾಗ ಸ್ವಲ್ಪ ಚಳಿ ಆಗ್ತಾ ಇರಬೇಕು. ಕಾಲಿಗೆ ಒಂದೇ ಜೊತೆ ಉಣ್ಣೆ ಸಾಕ್ಸ್. ಎರಡು ಜೊತೆ ತುರುಕಿದರೆ ಬೂಟು ಬಿಗಿಯಾಗಿ ರಕ್ತ ಓಡಲ್ಲ, ಬೆರಳು ಇನ್ನೂ ಬೇಗ ಮರಗಟ್ಟುತ್ತವೆ. ಕೈಗೆ ಗ್ಲೌಸ್‌ಗಿಂತ ನಾಲ್ಕು ಬೆರಳೂ ಒಟ್ಟಿಗೆ ಇರುವ ಮಿಟನ್ ಜಾಸ್ತಿ ಬೆಚ್ಚಗೆ. ಫೋನ್ ಒಳಜೇಬಿನಲ್ಲಿ, ಇಲ್ಲದಿದ್ದರೆ ಬ್ಯಾಟರಿ ಸುಮ್ನೆ ಸತ್ತುಹೋಗುತ್ತದೆ.

ಗುಲ್ಮಾರ್ಗ್‌ನ ಗೊಂಡೋಲಾ ಅಂದರೆ ಕೇಬಲ್ ಕಾರ್. ಅದರ ಎರಡನೇ ಹಂತ ಅಫರ್ವಾಟ್ ಬೆಟ್ಟದ ಮೇಲೆ ಸುಮಾರು 3,950 ಮೀಟರ್ ಎತ್ತರಕ್ಕೆ ಬಿಡುತ್ತದೆ. ಕೆಳಗೆ 2,650 ಮೀಟರ್‌ನಲ್ಲಿ ಬಿಸಿಲು ಕಾಯಿಸುತ್ತಾ ಚಹಾ ಕುಡಿದವರಿಗೆ ಅಲ್ಲಿ ಎಂಟು ಡಿಗ್ರಿಯಷ್ಟು ಕಡಿಮೆ. ಗಾಳಿ ಅದಕ್ಕಿಂತ ಕೆಟ್ಟದ್ದು. ಮೈನಸ್ 15ರಲ್ಲಿ ಗಂಟೆಗೆ 40 ಕಿ.ಮೀ. ಗಾಳಿ ಇದ್ದರೆ ಬರಿ ಚರ್ಮಕ್ಕೆ ಅದು ಮೈನಸ್ 27ರ ಲೆಕ್ಕ. ಗಾಳಿ ಇಲ್ಲದ ದಿನವೂ ಇಳಿಯುವಾಗ ನಮ್ಮ ವೇಗವೇ ಗಾಳಿ, ಅಲ್ವಾ?

ಮೇಲೆ ಒಬ್ಬನೇ ಹೋಗಲ್ಲ. ನಿಂತಾಗಲೆಲ್ಲ ಒಬ್ಬರ ಮುಖ ಇನ್ನೊಬ್ಬರು ನೋಡಬೇಕು, ಚರ್ಮ ಹೆಪ್ಪುಗಟ್ಟಲು ಶುರುವಾದರೆ ಬೆಳ್ಳಗಾಗುತ್ತದೆ. ಒಮ್ಮೆ ಗೋಣಿಕೊಪ್ಪದ ಗೆಳೆಯನ ಮೂಗಿನ ತುದಿ ಕಡಲೆಕಾಳಿನಷ್ಟು ಜಾಗ ಬೆಳ್ಳಗೆ ಬಿಳಿಚಿಕೊಂಡಿತ್ತು. ನೋವಿಲ್ಲ, ಹಾಗಾಗಿ ಅವನಿಗೆ ಗೊತ್ತೇ ಆಗಿಲ್ಲ. ‘ಮೂಗು ಮುಚ್ಕೋ ಮಾರಾಯ’ ಅಂದೆ. ಮಿಟನ್ ತೆಗೆದು ಬರಿ ಅಂಗೈ ಒತ್ತಿಕೊಂಡ. ಸ್ವಲ್ಪ ಹೊತ್ತಿಗೆ ಕೆಂಪಾಗಿ ಉರಿ ಶುರುವಾಯಿತು, ಉರಿ ಬಂತು ಅಂದರೆ ರಕ್ತ ಬಂತು. ಅವತ್ತಿಗೆ ಅಲ್ಲೇ ಮುಗಿಸಿ ಕೆಳಗಿಳಿದೆವು. ಹಿಮದಲ್ಲಿ ಉಜ್ಜಿ ಅನ್ನುವವರ ಮಾತು ಕೇಳಬೇಡಿ, ಚರ್ಮ ಹಾಳಾಗುತ್ತದೆ. ಬಿಳುಪು ಹೋಗದೆ ಗಟ್ಟಿಯಾಗಿದ್ದರೆ ಸೀದಾ ಡಾಕ್ಟರ್ ಹತ್ತಿರ. ದಾರಿಯಲ್ಲಿ ಮತ್ತೆ ಹೆಪ್ಪುಗಟ್ಟುವ ಹಾಗಿದ್ದರೆ ಬೆಟ್ಟದ ಮೇಲೆ ಅದನ್ನು ಕಾಯಿಸಲೇಬಾರದು.

ನಮ್ಮೂರವರಿಗೆ ಬೇಜಾರಾಗಬಹುದು, ಆದರೂ ಹೇಳುತ್ತೇನೆ: ಜೇಬಿನಲ್ಲಿ ರಮ್ ಬೇಡ. ಕುಡಿದಾಗ ಚರ್ಮದ ರಕ್ತನಾಳ ಅಗಲವಾಗಿ ಬೆಚ್ಚಗೆ ಅನ್ನಿಸುತ್ತದೆ, ಒಳಗಿನ ಶಾಖ ಮಾತ್ರ ಹೊರಗೆ ಹೋಗುತ್ತಿರುತ್ತದೆ.

ನಮ್ಮ ಕೊಡಗಿನ ಭವಾನಿ ತೆಕ್ಕಡ ನಂಜುಂಡ ಸ್ಪರ್ಧಿಸುವ ಕ್ರಾಸ್ ಕಂಟ್ರಿ ಸ್ಕೀಯಿಂಗ್‌ನಲ್ಲಿ ಮೈನಸ್ 20ಕ್ಕಿಂತ ಕೆಳಗಿಳಿದರೆ ಅಂತರರಾಷ್ಟ್ರೀಯ ರೇಸನ್ನೇ ಮುಂದೂಡುತ್ತಾರೆ, ಇಲ್ಲವೇ ರದ್ದು ಮಾಡುತ್ತಾರೆ. ರಜೆಗೆ ಹೋದ ನಾವು ಹಠ ಹಿಡಿಯುವುದು ಯಾಕೆ? ಗಾಳಿ ಜೋರಿದ್ದರೆ ನಾನು ಮೊದಲ ಹಂತದ ಕೊಂಗ್‌ಡೂರಿಯಿಂದಲೇ ಇಳಿಯುತ್ತೇನೆ.

ಸಂಜೆ ರೂಮಿಗೆ ಬಂದವನೇ ಬೂಟಿನ ಒಳಪದರ ಹೊರಗೆಳೆದು ಬುಖಾರಿಯಿಂದ, ಅಂದರೆ ರೂಮು ಕಾಯಿಸುವ ಕಾಶ್ಮೀರಿ ಒಲೆಯಿಂದ, ಒಂದು ಮಾರು ದೂರ ಇಡುತ್ತೇನೆ. ಹತ್ತಿರ ಇಟ್ಟರೆ ಮುದುಡುತ್ತದೆ, ಒದ್ದೆ ಬಿಟ್ಟರೆ ಬೆಳಗ್ಗೆ ಬೆರಳಿಗೆ ಗ್ರಹಚಾರ. ಬುಖಾರಿ ಉರಿಯುವಾಗ ಕಿಟಕಿ ಸ್ವಲ್ಪ ತೆರೆದೇ ಇರಲಿ, ಹೊಗೆ ಕಾಣದಿದ್ದರೂ ಕಾರ್ಬನ್ ಮೊನಾಕ್ಸೈಡ್ ಅನ್ನುವ ವಿಷಾನಿಲ ಇರುತ್ತದೆ.