ನೊರೆ ಬಿಳಿ ಅಲ್ಲ: ಕಾಪು ಕಡಲನ್ನು ಆಯಿಲ್ ಬಣ್ಣದಲ್ಲಿ ಬರೆದ ಅನುಭವ

ಕಾಪು ಕಡಲಿನ ಚಿತ್ರವನ್ನು ನಾನು ಎರಡು ಸಲ ಬರೆದೆ. ಮೊದಲನೆಯದು ಕೆಟ್ಟಿದ್ದು ನೊರೆಯಿಂದ.

ಉಡುಪಿಯಿಂದ ಮಂಗಳೂರಿನ ಕಡೆ ಹೋಗುವಾಗ ಕಾಪು ಸಿಗುತ್ತದೆ. ಕಡಲಂಚಿನ ಬಂಡೆಯ ಮೇಲೆ 1901ರಲ್ಲಿ ಕಟ್ಟಿದ ಲೈಟ್‌ಹೌಸ್ ಇದೆ. ನನಗೆ ಬೇಕಾಗಿದ್ದು ಡಿಸೆಂಬರ್ ಸಂಜೆ ಐದೂವರೆಯ ಬೆಳಕು. ನಮ್ಮ ಕಡಲು ಪಶ್ಚಿಮಕ್ಕಿದೆ, ಅಲ್ವಾ? ಬೆಳಿಗ್ಗೆ ಸೂರ್ಯ ನಮ್ಮ ಬೆನ್ನಿಗೆ. ಅಲೆಯ ಮುಖಕ್ಕೆ ನೇರ ಬೆಳಕು ಬೀಳುತ್ತದೆ, ನೊರೆ ಫಳಫಳ ಬಿಳಿ. ಸಂಜೆ ಸೂರ್ಯ ಅಲೆಯ ಹಿಂದೆ. ಏಳುವ ಅಲೆಯ ನೆತ್ತಿ ತೆಳು, ಅದರೊಳಗಿಂದ ಬೆಳಕು ತೂರಿ ಹಸಿರು ಕಾಣುತ್ತದೆ. ನೊರೆಯ ನಮ್ಮ ಕಡೆಯ ಮೈ ಮಾತ್ರ ನೆರಳಲ್ಲಿ.

ಇದನ್ನು ನಾನು ಗಮನಿಸಿರಲಿಲ್ಲ. ಟೈಟೇನಿಯಂ ವೈಟ್ ಅನ್ನು ಟ್ಯೂಬಿನಿಂದ ಹಿಂಡಿ ಹಾಗೇ ಹಚ್ಚಿದೆ. ನೊರೆ ಆಕಾಶಕ್ಕಿಂತ ಬೆಳ್ಳಗಾಯಿತು. ಸಂಜೆಯೇ ಮಾಯವಾಯಿತು.

ಮತ್ತೆ ಕಾಪುವಿಗೆ ಹೋದೆ. ಬೂದು ಬಣ್ಣದ ರಟ್ಟಿನಲ್ಲಿ ಒಂದು ತೂತು ಮಾಡಿಕೊಂಡಿದ್ದೆ. ಆ ತೂತಿನಿಂದ ನೊರೆಯ ಒಂದು ಚೂರನ್ನಷ್ಟೇ ನೋಡಿದೆ. ಬೂದು, ಸ್ವಲ್ಪ ನೇರಳೆ! ಆಕಾಶದ ಅಂಚಿಗಿಂತ ಎಷ್ಟೋ ಕಪ್ಪು. ಕಣ್ಣಿಗೆ ಸುತ್ತಲಿನದು ಕಾಣದಿದ್ದಾಗ ಮಾತ್ರ ಬಣ್ಣ ಇದ್ದ ಹಾಗೆ ಕಾಣುತ್ತದೆ. ನನಗೆ ಬೇರೆ ಯಾವ ಪಾಠದಿಂದಲೂ ಇಷ್ಟು ಲಾಭವಾಗಿಲ್ಲ.

ಎರಡನೇ ಸಲ 18x24 ಇಂಚಿನ ಕ್ಯಾನ್ವಾಸ್‌ಗೆ ಮೊದಲು ಟರ್ಪೆಂಟೈನ್‌ನಲ್ಲಿ ತೆಳು ಮಾಡಿದ ಬರ್ನ್ಟ್ ಸಿಯೆನ್ನಾ ಎಂಬ ಕೆಂಗಂದು ಬಣ್ಣ ಬಳಿದು ಒಣಗಿಸಿದೆ. ಬಿಳಿ ಕ್ಯಾನ್ವಾಸ್ ಮೇಲೆ ಎಲ್ಲ ಬಣ್ಣವೂ ಕಪ್ಪಾಗಿ ಕಂಡು ಮೋಸ ಮಾಡುತ್ತದೆ. ಆಮೇಲೆ ಆಕಾಶ. ನೊರೆಗೆ ಬಿಳಿ, ಅಲ್ಟ್ರಾಮರೀನ್ ನೀಲಿ, ಚಿಟಿಕೆ ಬರ್ನ್ಟ್ ಸಿಯೆನ್ನಾ. ಅಲೆಯ ನೆತ್ತಿಗೆ ವಿರಿಡಿಯನ್ ಹಸಿರಿನ ಜೊತೆ ಯೆಲ್ಲೋ ಓಕರ್ ಎಂಬ ಮಣ್ಣು ಹಳದಿ. ದಡದ ಹತ್ತಿರ ನೀರು ಮರಳು ಕಲಸಿಕೊಂಡಿರುತ್ತದೆ, ಅಲ್ಲಿ ನೀಲಿ ಹಾಕಲೇ ಇಲ್ಲ.

ಜನರನ್ನು ಬರೆಯುವಾಗಲೂ ಮೊದಲು ತಪ್ಪಿದ್ದೆ. ಬಂಡೆ ಹತ್ತಿ ತೆಗೆದ ಫೋಟೋದ ಜನರನ್ನು ಮರಳಿನ ಮೇಲಿಂದ ಕಂಡ ಕಡಲಿಗೆ ಸೇರಿಸಿದ್ದೆ. ನಾವು ದಡದಲ್ಲಿ ನಿಂತರೆ ದಿಗಂತ ನಮ್ಮ ಕಣ್ಣಿನ ಮಟ್ಟದಲ್ಲಿರುತ್ತದೆ. ಸಮತಟ್ಟು ಮರಳಿನಲ್ಲಿ ನಮ್ಮಷ್ಟೇ ಎತ್ತರದವರು ಹತ್ತಿರವಿರಲಿ, ದೂರವಿರಲಿ, ದಿಗಂತದ ಗೆರೆ ಅವರ ಕಣ್ಣಿನ ಮಟ್ಟದಲ್ಲೇ ಹಾಯುತ್ತದೆ. ಈ ಸಲ ಸ್ಕೇಲ್ ಇಟ್ಟು ಸರಿಮಾಡಿದೆ.

ಜಾಸ್ತಿ ಹೊತ್ತು ಹಿಡಿದಿದ್ದು ಹಸಿ ಮರಳು. ಕ್ಯಾನ್ವಾಸ್‌ನಲ್ಲಿ ಬರೀ ನಾಲ್ಕು ಇಂಚು, ಎರಡು ದಿನ ಬೇಕಾಯಿತು. ಹಸಿ ಮರಳು ಒಣ ಮರಳಿಗಿಂತ ಕಪ್ಪು. ಆದರೆ ಅದು ಕನ್ನಡಿಯೂ ಹೌದು. ಮೊದಲು ಕಪ್ಪು ಕಂದು ಬಣ್ಣ ಹಚ್ಚಿದೆ. ಅದು ಹಸಿಯಿರುವಾಗಲೇ ಆಕಾಶದ ಬಣ್ಣವನ್ನು ಮೇಲಿಂದ ಕೆಳಕ್ಕೆ ಎಳೆದೆ. ಕೊನೆಗೆ ಒಣ ಬ್ರಷ್‌ನಿಂದ ಅಡ್ಡಕ್ಕೆ ಒಂದೇ ಸಲ, ಮುಟ್ಟಿಯೂ ಮುಟ್ಟದ ಹಾಗೆ ಸವರಿದೆ. ಎರಡನೇ ಸಲ ಸವರಿದರೆ ಕೆಸರಾಗುತ್ತದೆ.

ಅಷ್ಟಾದ ಮೇಲೆ ಒಂದು ವಾರ ಮುಟ್ಟಲಿಲ್ಲ. ಆಯಿಲ್ ಬಣ್ಣ ನೀರಿನ ಹಾಗೆ ಆರುವುದಿಲ್ಲ. ಅದರಲ್ಲಿರುವ ಅಗಸೆ ಎಣ್ಣೆ ಗಾಳಿಯ ಆಮ್ಲಜನಕ ಹೀರಿ ಗಟ್ಟಿಯಾಗಬೇಕು. ಎಣ್ಣೆ ಜಾಸ್ತಿಯಿದ್ದಷ್ಟೂ ಅದು ನಿಧಾನ. ಅದಕ್ಕೇ ಕೆಳಗಿನ ಪದರದಲ್ಲಿ ಎಣ್ಣೆ ಕಡಿಮೆ, ಮೇಲಿನದರಲ್ಲಿ ಜಾಸ್ತಿ ಇರಬೇಕು. ತಿರುವುಮುರುವಾದರೆ ಮುಂದೆ ಬಿರುಕು ಬಿಡುತ್ತದೆ.

ಟ್ಯೂಬಿನ ಬಿಳಿಯನ್ನು ಹೆಚ್ಚುಕಡಿಮೆ ಹಾಗೇ ಬಳಸಿದ್ದು ಕೊನೆಯ ದಿನ ಮಾತ್ರ. ಅದಕ್ಕೂ ಚೂರು ಹಳದಿ ಬೆರೆಸಿದ್ದೆ. ಬಿಸಿಲು ತಾಗುವ ನೊರೆಯ ಅಂಚಿಗೆ ಮಾತ್ರ, ಬಣ್ಣ ಹಚ್ಚುವ ನೈಫ್‌ನಿಂದ ದಪ್ಪಗೆ.

ಮನೆಗೆ ಮೀನು ತರುವ ಅಕ್ಕ ಚಿತ್ರದ ಮುಂದೆ ಬುಟ್ಟಿ ಇಳಿಸಿ ನಿಂತರು. "ಇದು ನೀರು ಇಳಿಯುವ ಹೊತ್ತಲ್ವಾ?" ಎಂದು ಕೇಳಿದರು. ಹೌದು, ಇಳಿತದ ಸಂಜೆಯೇ ಅದು. ಅವರು ಬೆರಳು ತೋರಿಸಿದ್ದು ಆ ನಾಲ್ಕು ಇಂಚಿನ ಹಸಿ ಮರಳನ್ನು.